ಎಂಜಿನ್ ಬಿಡಿಭಾಗ: ಅಳೆದ ಮೇಲೆ ಕೊಳ್ಳುವುದು

ತುಂಗಭದ್ರೆಯ ಹಿನ್ನೀರಿನಲ್ಲಿ ಬಲೆ ಬೀಸುವ ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯ ಮೀನುಗಾರರ ಹರಗೋಲು ಹುಟ್ಟಿನ ಬಲದಿಂದಲೇ ಸಾಗುವುದರಿಂದ, ಮಲ್ಪೆ, ಮಂಗಳೂರಿನ ದೋಣಿಗಳ ಎಂಜಿನ್ ಚಿಂತೆ ಅವರನ್ನು ಕಾಡುವುದಿಲ್ಲ. ಆದರೆ ಹೊಳೆದಂಡೆಯ ಹೊಲಗಳಿಗೆ, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಕಡೆಯ ಕೆರೆ ಮತ್ತು ತೆರೆದ ಬಾವಿಗಳ ಪಕ್ಕದ ತೋಟಗಳಿಗೆ ನೀರೆತ್ತುವ ಡೀಸೆಲ್ ಎಂಜಿನ್ನಿನೊಳಗೆ ಇರುವುದೂ ದೋಣಿಯ ಎಂಜಿನ್ನಿನಲ್ಲಿರುವಂಥ ಪಿಸ್ಟನ್, ರಿಂಗ್, ಲೈನರ್, ನಾಜಲ್‌ಗಳೇ ಆದ್ದರಿಂದ ಬಿಡಿಭಾಗದ ಖರ್ಚಿನ ಲೆಕ್ಕ ಎರಡೂ ಕಡೆ ಒಂದೇ.

ಪುಣೆಯಲ್ಲಿ 1946ರಲ್ಲಿ ಸ್ಥಾಪನೆಯಾದ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಕಂಪನಿಯ ಎವಿ-1 ಮಾದರಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ನಿಮಿಷಕ್ಕೆ 1500 ಸುತ್ತು ತಿರುಗಿ 5 ಅಶ್ವಶಕ್ತಿ ಕೊಡುವ ಈ ಒಂಟಿ ಸಿಲಿಂಡರಿನ ಒಳವ್ಯಾಸ 80 ಮಿ.ಮೀ., ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ 110 ಮಿ.ಮೀ. ಪಿಸ್ಟನ್ ಜಾರುವ ಗೋಡೆಯಾದ ಲೈನರ್ ಬೇರೆಯೇ ಕೊಳವೆಯಾಗಿದ್ದು, ಸವೆದಾಗ ಅದನ್ನಷ್ಟೇ ಹೊರತೆಗೆದು ಹೊಸದನ್ನು ಕೂರಿಸಬಹುದಾದ್ದರಿಂದ ಇಡೀ ಬ್ಲಾಕಿಗೆ ದುಡ್ಡು ಸುರಿಯಬೇಕಾಗಿಲ್ಲ. ಈ ಅನುಕೂಲವೇ ಅನೇಕ ವೇಳೆ ದುಂದಿಗೂ ದಾರಿಯಾಗುತ್ತದೆ. ಹೊಗೆ ಹೆಚ್ಚಿತು, ಶಕ್ತಿ ಕುಂದಿತು ಎಂದೊಡನೆ ಕಾರಣ ಹುಡುಕದೆ ಲೈನರ್, ಪಿಸ್ಟನ್, ರಿಂಗ್ ಮೂರನ್ನೂ ಒಂದೇ ಸೆಟ್ಟಾಗಿ ಬದಲಿಸಿಬಿಡುವುದು ರೂಢಿಯಾಗಿದೆ.

ಲೈನರ್ ಎಷ್ಟು ಸವೆದಿದೆ ಎಂಬುದನ್ನು ತಿಳಿಯಲು ದುಬಾರಿ ಬೋರ್ ಗೇಜ್ ಬೇಕೇ ಬೇಕೆಂದಿಲ್ಲ, ತೆಳು ಉಕ್ಕಿನ ಪಟ್ಟಿಗಳ ಫೀಲರ್ ಗೇಜ್ ಒಂದಿದ್ದರೆ ಸಾಕು. ಹೊಸ ರಿಂಗೊಂದನ್ನು ಲೈನರಿನ ಕೆಳತುದಿಯಲ್ಲಿ, ಅಂದರೆ ರಿಂಗುಗಳು ತಲುಪದೆ ಸವೆಯದೆ ಉಳಿದ ಜಾಗದಲ್ಲಿ ಇಟ್ಟು, ಪಿಸ್ಟನ್ನಿನಿಂದಲೇ ನೂಕಿ ನೇರ ಮಾಡಿ, ಅದರ ಎರಡು ತುದಿಗಳ ನಡುವಿನ ಸಂದನ್ನು ಅಳೆಯಬೇಕು. ಬಳಿಕ ಅದೇ ರಿಂಗನ್ನು ಸವೆತ ಅತಿ ಹೆಚ್ಚಾಗಿರುವ ಮೇಲ್ತುದಿಯ ಸಮೀಪಕ್ಕೆ ತಂದು ಮತ್ತೆ ಅಳೆಯಬೇಕು. ವ್ಯಾಸ ಹೆಚ್ಚಿದಂತೆ ಸುತ್ತಳತೆ ಅದರ 3.14 ಪಟ್ಟು ಹೆಚ್ಚುವುದರಿಂದ, ಎರಡು ಅಳತೆಗಳ ವ್ಯತ್ಯಾಸವನ್ನು 3.14ರಿಂದ ಭಾಗಿಸಿದರೆ ವ್ಯಾಸದಲ್ಲಾದ ಸವೆತ ಸಿಗುತ್ತದೆ: ಸಂದು 0.31 ಮಿ.ಮೀ. ಹಿಗ್ಗಿದ್ದರೆ ಲೈನರ್ ಸವೆದಿರುವುದು ಸುಮಾರು 0.10 ಮಿ.ಮೀ. ಮಾತ್ರ. ಆ ಅಂಕಿಯನ್ನು ಕಂಪನಿಯ ಕೈಪಿಡಿಯ ಮಿತಿಯೊಂದಿಗೆ ಹೋಲಿಸಿ ನೋಡಿದಾಗ, ಬರೀ ರಿಂಗಿನಲ್ಲಿ ಮುಗಿಯುವ ಕೆಲಸವೋ, ಲೈನರೂ ಬೇಕೋ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಇಷ್ಟು ಸರಳವಾದ, ಇಷ್ಟು ಹಣ ಉಳಿಸುವ ಪರೀಕ್ಷೆಯನ್ನು ಪ್ರತಿ ಊರಿನ ಮೇಸ್ತ್ರಿಯೂ ಮಾಲೀಕರ ಕಣ್ಣೆದುರೇ ಮಾಡಿ ತೋರಿಸುವಂತಾಗಬೇಕು.

ಕಪ್ಪು ಹೊಗೆಗೆ ಲೈನರಿಗಿಂತ ಮೊದಲು ಅನುಮಾನಿಸಬೇಕಾದುದು ಕಟ್ಟಿದ ಏರ್ ಫಿಲ್ಟರನ್ನು ಮತ್ತು ನಾಜಲನ್ನು. ಡೀಸೆಲನ್ನು ಸುಮಾರು 200 ಬಾರ್, ಅಂದರೆ ವಾತಾವರಣದ ಒತ್ತಡದ ಸುಮಾರು 200 ಪಟ್ಟು ಒತ್ತಡದಲ್ಲಿ ಸಿಲಿಂಡರಿಗೆ ಚಿಮ್ಮಿಸುವ ಈ ಭಾಗವನ್ನು ಡೀಸೆಲ್ ಪಂಪ್ ರಿಪೇರಿಯವರಲ್ಲಿ ಕೈಪಂಪಿನ ಪರೀಕ್ಷಾ ಯಂತ್ರಕ್ಕೆ ಹಾಕಿಸಿ ನೋಡಬಹುದು: ಮಂಜಿನಂತೆ ಸಮವಾಗಿ ಸಿಡಿದು, ನಿಂತ ಮೇಲೆ ತುದಿಯಲ್ಲಿ ಹನಿ ಕಟ್ಟದಿದ್ದರೆ ಅದು ಇನ್ನೂ ದುಡಿಯಬಲ್ಲದು; ತೊಟ್ಟಿಕ್ಕಿದರೆ ಮೊದಲು ತೊಳೆಸಿ ನೋಡಿ, ಆಮೇಲಷ್ಟೇ ಹೊಸದನ್ನು ಕೊಳ್ಳಬೇಕು. ಕೊಳ್ಳುವಾಗ ಮಾತ್ರ ಇಲ್ಲಿ ಚೌಕಾಸಿ ಸಲ್ಲದು. ಈಗ ಬಾಷ್ ಎಂಬ ಹೆಸರಿನಲ್ಲಿರುವ, 2008ರವರೆಗೂ ಮೈಕೋ ಎಂದೇ ಮನೆಮಾತಾಗಿದ್ದ ಬೆಂಗಳೂರಿನ ಆಡುಗೋಡಿಯ ಕಂಪನಿಯಂಥ ನಂಬಿಕಸ್ಥ ತಯಾರಕರ ಮಾಲನ್ನೇ ಆರಿಸಿ, ಪೊಟ್ಟಣದ ಮೇಲೆ ತಯಾರಕರ ವಿಳಾಸ, ತಯಾರಾದ ತಿಂಗಳು, ಗರಿಷ್ಠ ಮಾರಾಟ ಬೆಲೆ ಇವೆಯೇ ಎಂದು ನೋಡಿ, ರಸೀದಿ ಪಡೆಯುವುದು ಲೇಸು. ನಕಲಿ ನಾಜಲ್ ಸೋರಿದರೆ ಉರಿಯದ ಡೀಸೆಲ್ ಲೈನರಿನ ಎಣ್ಣೆಪದರವನ್ನು ತೊಳೆದು ಪಿಸ್ಟನ್ನನ್ನೂ ಬಲಿ ತೆಗೆದುಕೊಳ್ಳುತ್ತದೆ.

ಕ್ರ್ಯಾಂಕ್ ಶಾಫ್ಟ್ ಗೀರಿದಾಗಲೂ ಅದನ್ನು ಎಸೆಯುವ ಅಗತ್ಯ ಬಹುಪಾಲು ಇರುವುದಿಲ್ಲ, 0.25 ಅಥವಾ 0.50 ಮಿ.ಮೀ. ಗ್ರೈಂಡ್ ಮಾಡಿಸಿ, ಅದೇ ಅಳತೆಯ ಅಂಡರ್‌ಸೈಜ್ ಬೇರಿಂಗ್ ಹಾಕಿದರೆ ಆಯಿತು. ಎಂಜಿನ್ ಆಯಿಲನ್ನು ಹೊತ್ತಿಗೆ ಸರಿಯಾಗಿ ಬದಲಿಸಿದವರಿಗೆ ಈ ಖರ್ಚೂ ಬಹಳ ತಡವಾಗಿ ಬರುತ್ತದೆ.

ಆದ್ದರಿಂದ ಹಿಂಗಾರಿನ ಪೈರಿಗೆ ನೀರು ಹಾಯಿಸುವ ದಿನಗಳು ಬರುವ ಮೊದಲೇ, ಬಿಡುವಿನಲ್ಲಿ ಎಂಜಿನ್ ಬಿಚ್ಚಿಸಿ ಅಳೆಸಿಕೊಂಡು, ಅಳತೆಯ ಚೀಟಿಯನ್ನೂ ಹಳೆಯ ಭಾಗವನ್ನೂ ಎಂಜಿನ್ ನಂಬರನ್ನೂ ಜೊತೆಗಿಟ್ಟುಕೊಂಡೇ ಅಂಗಡಿಯ ಮೆಟ್ಟಿಲು ಹತ್ತಬೇಕೆಂದು ರೈತರಲ್ಲಿ ವಿನಂತಿ.