ದುರ್ಗದ ಕಾಲಡಿಯ ಕಡಲು

ದಸರಾ ರಜೆ ಬಂತೆಂದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಬಸ್ ನಿಲ್ದಾಣಗಳಲ್ಲಿ ಬ್ಯಾಗು ಹೆಗಲಿಗೇರಿಸಿದ ಹುಡುಗರ ಗುಂಪುಗಳು ಪಡುವಣಕ್ಕೆ ಹೊರಟು ನಿಲ್ಲುತ್ತವೆ. ಗೋಕರ್ಣದ ಕುಡ್ಲೆಯಿಂದ ಓಂ ತೀರಕ್ಕೆ, ಅಲ್ಲಿಂದ ಗುಡ್ಡದಂಚಿನ ಕಾಲುದಾರಿಯಲ್ಲಿ ಹಾಫ್‌ಮೂನ್, ಪ್ಯಾರಡೈಸ್ ತೀರಗಳಿಗೆ ನಡೆದು ಬರುವುದು ಈಗ ಚಾರಣಿಗರ ವಾಡಿಕೆ. ದಾರಿ ಚೆಂದದ್ದೇ, ಬಯಲುಸೀಮೆಯವರಿಗೆ ಕಡಲಿನ ಹಂಬಲವೂ ಸಹಜವೇ. ಆದರೆ ಆ ಹುಡುಗರು ಬಿಟ್ಟುಹೋಗುವ ನೆಲವೂ ಒಂದು ಕಾಲಕ್ಕೆ ಕಡಲತಳವಾಗಿತ್ತು. ಅದರ ಗುರುತು ಇವತ್ತಿಗೂ ಹಿರಿಯೂರು ತಾಲ್ಲೂಕಿನ ಒಂದು ಹಳ್ಳಿಯ ಪಕ್ಕ ಬಿಸಿಲಿಗೆ ಮೈಯೊಡ್ಡಿ ಬಿದ್ದಿದೆ.

ಅಲ್ಲಿಗೆ ಹೋಗುವ ಮುನ್ನ ಕಾಲ ಯಾವುದೆಂಬ ಮಾತು. ದುರ್ಗದ ಮಳೆಯ ಲೆಕ್ಕವೇ ಬೇರೆ. ಮುಂಗಾರು ಪಶ್ಚಿಮಘಟ್ಟದಲ್ಲಿ ತನ್ನ ಗಂಟೆಲ್ಲ ಬಿಚ್ಚಿ ಸುರಿದು, ಇಲ್ಲಿಗೆ ಬರುವಾಗ ಬರಿಗೈಯಲ್ಲಿರುತ್ತದೆ. ನೆಲ ನಿಜವಾಗಿ ನೆನೆಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಉತ್ತರೆ, ಹಸ್ತ, ಚಿತ್ತೆ ಮಳೆಗಳು ಬಿದ್ದಾಗ. ಬೇಸಿಗೆಯಲ್ಲಿ ಈ ಬೆಟ್ಟಗಳನ್ನು ಕಂಡು ‘ಬರೀ ಬಂಡೆ’ ಎಂದು ಹೋದವರು ಆಶ್ವಯುಜದಲ್ಲಿ ಮತ್ತೊಮ್ಮೆ ಬರಬೇಕು. ಬಂಡೆಗಳ ಸಂದಿನಲ್ಲಿ ಹುಲ್ಲು ಆಳೆತ್ತರಕ್ಕೆ ಬೆಳೆದಿರುತ್ತದೆ, ತಂಗಡಿ ಹಳದಿಯಾಗಿರುತ್ತದೆ, ಸೀತಾಫಲ ಕಣ್ಣು ಬಿಟ್ಟಿರುತ್ತದೆ. ಹೊಲಗಳಲ್ಲಿ ಶೇಂಗಾ ಕೀಳುವ ಕೆಲಸ. ಆಷಾಢದ ಹೊಡೆತದ ಗಾಳಿ ಅಷ್ಟೊತ್ತಿಗೆ ತಗ್ಗಿ, ಬೆಟ್ಟದ ಸಾಲಿನ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುತ್ತಿರುತ್ತವೆ. ನಡೆಯುವವರಿಗೆ ಇದಕ್ಕಿಂತ ಒಳ್ಳೆಯ ಎರಡು ತಿಂಗಳು ಈ ಜಿಲ್ಲೆಯಲ್ಲಿಲ್ಲ.

ಮೊದಲ ದಿನ ಜೋಗಿಮಟ್ಟಿಗೆ. ಚಿತ್ರದುರ್ಗದ ದಕ್ಷಿಣಕ್ಕಿರುವ ಈ ಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 3,803 ಅಡಿ. ಸುತ್ತಲಿನ ಕಾಡಿಗೆ 2015ರಲ್ಲಿ ವನ್ಯಜೀವಿಧಾಮದ ಪಟ್ಟ ಸಿಕ್ಕಿತು. ತಿಮ್ಮಣ್ಣನಾಯಕನ ಕೆರೆಯ ಬದಿಯಿಂದ ಹೊರಟು, ನಂದಿಯ ಬಾಯಿಂದ ನೀರು ಸುರಿಯುವ ಆಡುಮಲ್ಲೇಶ್ವರದಲ್ಲಿ ಮುಖ ತೊಳೆದು ಮೇಲೇರಿದರೆ ಮಳೆಗಾಲದ ಬೆನ್ನಿನ ಮುಂಜಾವುಗಳಲ್ಲಿ ಮಂಜು ಎದುರಾಗುತ್ತದೆ. ನೆತ್ತಿಯವರೆಗೆ ರಸ್ತೆಯಿದೆ, ವಾಹನದಲ್ಲಿ ಹೋಗುವವರೇ ಹೆಚ್ಚು. ಅವರಿಗೆ ನೋಟ ದಕ್ಕುತ್ತದೆ, ಬೆಟ್ಟ ದಕ್ಕುವುದಿಲ್ಲ. ಕುರುಚಲು ಕಾಡು ಏರುತ್ತ ಏರುತ್ತ ದಟ್ಟವಾಗುವುದು, ಗಾಳಿಯ ತೇವ ಬದಲಾಗುವುದು, ನವಿಲಿನ ಕೂಗು ಕೆಳಗಿನ ಕಣಿವೆಯಿಂದ ಕೇಳಿಸುವುದು ಕಾಲ್ನಡಿಗೆಗೆ ಮಾತ್ರ. ಕರಡಿ, ಚಿರತೆ ಇರುವ ಕಾಡಿದು. ಅರಣ್ಯ ಇಲಾಖೆಯ ಅನುಮತಿ ಪಡೆದು, ಗುಂಪಿನಲ್ಲಿ, ಬೆಳಕು ಹರಿದ ಮೇಲೆಯೇ ಹೊರಡುವುದು ಸರಿ.

ಇಳಿದು ಬಂದವರಿಗೆ ಸಂಜೆಗೆ ಚಂದ್ರವಳ್ಳಿ. ಮೂರು ಬೆಟ್ಟಗಳು ಕೂಡಿದ ಈ ಕಣಿವೆಯ ಭೈರವೇಶ್ವರ ಗುಡಿಯ ಬಳಿ, ಕೆರೆ ಕಟ್ಟಿಸಿದ್ದನ್ನು ಹೇಳುವ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಅದನ್ನು ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ. ಇಲ್ಲಿ ಅವರು ಅಗೆದರು, 1947ರಲ್ಲಿ ಮಾರ್ಟಿಮರ್ ವೀಲರ್ ಮತ್ತೆ ಅಗೆದರು. ಶಾತವಾಹನರ ನಾಣ್ಯಗಳ ಜೊತೆ ರೋಮಿನ ಆಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ನಾಣ್ಯಗಳೂ ಈ ಮಣ್ಣಿನಲ್ಲಿ ಸಿಕ್ಕಿವೆ. ಕಡಲು ದಾಟಿ ಬಂದ ಹಣ ಬಯಲುಸೀಮೆಯ ಈ ಕಣಿವೆಯವರೆಗೆ ಕೈಯಿಂದ ಕೈಗೆ ಬಂದಿತ್ತು.

ಎರಡನೆಯ ದಿನ ಮರಡಿಹಳ್ಳಿಗೆ. ಇಡೀ ಪ್ರವಾಸದ ತಿರುಳೇ ಇದು.

ಹಿರಿಯೂರಿನ ಹೆದ್ದಾರಿಯನ್ನು ಐಮಂಗಲದ ಸುತ್ತಿನಲ್ಲಿ ಬಿಟ್ಟು ಒಳಗೆ ತಿರುಗಬೇಕು. ಮರಡಿಯೆಂದರೆ ಕಲ್ಲಿನ ದಿಣ್ಣೆ. ಊರಿನ ಹೆಸರೇ ಅಲ್ಲಿರುವುದನ್ನು ಹೇಳುತ್ತದೆ. ದೂರದಿಂದ ನೋಡಿದರೆ ದುರ್ಗದ ಸೀಮೆಯ ಇನ್ನೊಂದು ಬಂಡೆಗುಡ್ಡೆ. ಹತ್ತಿರ ಹೋದರೆ ಮಾತ್ರ, ಯಾರೋ ದಿಂಬುಗಳನ್ನು ಒಂದರ ಮೇಲೊಂದು ಒತ್ತಿ ಒಟ್ಟಿದಂತೆ ಕಲ್ಲು ಕಾಣುತ್ತದೆ. ಉರುಟು, ಉದ್ದ, ಅಲ್ಲಲ್ಲಿ ಚಪ್ಪಟೆ, ಬಣ್ಣ ಹಸಿರು ಮಿಶ್ರಿತ ಬೂದು. ಭೂಗರ್ಭದ ಕಾದ ಲಾವಾ ನೀರಿನೊಳಗೆ ಉಕ್ಕಿದಾಗ ಹೀಗಾಗುತ್ತದೆ. ನೀರು ತಾಗಿದೊಡನೆ ಅದರ ಹೊರಮೈ ಗಾಜಿನ ಹಾಗೆ ಗಟ್ಟಿಕಟ್ಟುತ್ತದೆ, ಒಳಗೆ ಇನ್ನೂ ಕೆಂಡದಂಥ ದ್ರವ. ಹಿಂದಿನಿಂದ ಒತ್ತಡ ಬಂದಾಗ ಸಿಪ್ಪೆ ಬಿರಿದು, ಬಿರುಕಿನಿಂದ ಇನ್ನೊಂದು ದಿಂಬು ಹೊರಬರುತ್ತದೆ. ಮೇಲಿನ ದಿಂಬು ಮೆತ್ತಗಿರುವಾಗಲೇ ಕೆಳಗಿನೆರಡರ ಸಂದಿಗೆ ಜೋತು ಬೀಳುತ್ತದೆ. ಆ ಜೋತುಬಿದ್ದ ಮೊನೆ ಯಾವ ಕಡೆಗಿದೆಯೆಂದು ನೋಡಿ, ಆ ಕಾಲದಲ್ಲಿ ಮೇಲು ಯಾವುದಿತ್ತು, ಕೆಳಗು ಯಾವುದಿತ್ತು ಎಂದು ಭೂವಿಜ್ಞಾನಿಗಳು ಹೇಳಬಲ್ಲರು. ಭೂಮಿ ಆಮೇಲೆ ಎಷ್ಟೇ ಮಗುಚಿರಲಿ, ಕಲ್ಲು ತನ್ನ ದಿಕ್ಕನ್ನು ಮರೆತಿಲ್ಲ.

ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದ ಮೇಲೆ ಮರವಿರಲಿ, ಹುಲ್ಲಿನ ಎಸಳೂ ಹುಟ್ಟಿರದ ಕಾಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ 1976ರಲ್ಲಿ ಈ ದಿಬ್ಬವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಐಸ್‌ಲ್ಯಾಂಡಿನ ಸುತ್ತ, ಹವಾಯಿಯ ಕಡಲಲ್ಲಿ ಇಂಥ ದಿಂಬುಗಳು ನಮ್ಮ ಕಾಲದಲ್ಲೂ ಹುಟ್ಟುತ್ತಿವೆ. ಅವನ್ನು ನೋಡಲು ನೀರಿಗಿಳಿಯಬೇಕು. ಮರಡಿಹಳ್ಳಿಯಲ್ಲಿ ಚಪ್ಪಲಿ ಕಳಚಿ ಕಡಲತಳದ ಮೇಲೆ ಅಂಗಾಲಿಟ್ಟು ನಿಲ್ಲಬಹುದು. ಕೋಟೆಗೆ ಬರುವ ಜನದಲ್ಲಿ ನೂರರಲ್ಲೊಬ್ಬರೂ ಇತ್ತ ತಿರುಗುವುದಿಲ್ಲವೆಂಬುದು ದುರ್ಗದ ದೊಡ್ಡ ನಷ್ಟ.

ಮಧ್ಯಾಹ್ನದ ಮೇಲೆ ಮಾರಿಕಣಿವೆಯ ವಾಣಿವಿಲಾಸ ಸಾಗರ. ಹೊಸದುರ್ಗದ ಕಡೆಯಿಂದ ಬರುವವರಿಗೂ ಹಿರಿಯೂರಿನವರಿಗೂ ಇದೊಂದೇ ಸಾಗರ, ಹೆಸರಿನಲ್ಲೂ ನೋಟದಲ್ಲೂ. ಬಾಬಾಬುಡನ್‌ಗಿರಿಯ ಕಡೆಯಿಂದ ಬರುವ ವೇದಾವತಿಗೆ ಎರಡು ಬೆಟ್ಟಗಳ ನಡುವೆ 1898ರಲ್ಲಿ ಕಟ್ಟೆ ಹಾಕಲು ಶುರುಮಾಡಿ 1907ರಲ್ಲಿ ಮುಗಿಸಿದರು. ಕನ್ನಂಬಾಡಿಯ ಕೆಲಸ ಆಗಿನ್ನೂ ಆರಂಭವಾಗಿರಲಿಲ್ಲ. ಕಲ್ಲು, ಗಾರೆಯ ಈ ಕಟ್ಟೆಗೆ ರೀಜೆಂಟರಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದ ಹೆಸರಿಟ್ಟರು. ಹಿಡಿಯುವ ನೀರು 30 ಟಿಎಂಸಿ, ತುಂಬಿದರೆ 130 ಅಡಿ. ತುಂಬುವುದೇ ಅಪರೂಪವಾಗಿತ್ತು. 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಹರಿದದ್ದು 89 ವರ್ಷ ಕಳೆದು, 2022ರ ಸೆಪ್ಟೆಂಬರ್‌ನಲ್ಲಿ. ಆ ದಿನಗಳಲ್ಲಿ ಅಜ್ಜಿಯರನ್ನು ಕೈಹಿಡಿದು ಕರೆತಂದ ಮನೆಗಳೆಷ್ಟೋ. 2025ರ ಜನವರಿಯಲ್ಲಿ ಇನ್ನೊಮ್ಮೆ ಕೋಡಿ ಬಿತ್ತು. ಆ ಹೊತ್ತಿಗೆ ಭದ್ರೆಯ ನೀರೂ ಇಲ್ಲಿ ಸೇರತೊಡಗಿತ್ತು.

ಪಕ್ಕದ ಗುಡ್ಡ ಹತ್ತಿ ಸಂಜೆಯ ಬೆಳಕಿನಲ್ಲಿ ಹಿನ್ನೀರು ನೋಡಬೇಕು. ನೀರಿನ ಚಾಚು ಭಾರತದ ಭೂಪಟದಂತಿದೆಯೆಂದು ತೋರಿಸುವವರು ಅಲ್ಲಿ ಯಾವಾಗಲೂ ಸಿಗುತ್ತಾರೆ. ಕಣಿವೆ ಮಾರಮ್ಮನಿಗೆ ಕೈಮುಗಿದು ಹಿರಿಯೂರಿಗೆ ಮರಳಿದರೆ ಒಗ್ಗರಣೆ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ. ನಡೆದು ಹಸಿದ ಹೊಟ್ಟೆಗೆ ಅದೇ ಹಬ್ಬ.

ಈ ನಾಲ್ಕು ತಾಲ್ಲೂಕಿನ ಶಾಲೆಗಳ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಕೋರಿಕೆ. ವರ್ಷದ ಪ್ರವಾಸಕ್ಕೆ ಮುರುಡೇಶ್ವರ, ಮಲ್ಪೆಗೆ ಬಸ್ಸು ಗೊತ್ತುಮಾಡುವ ಮುನ್ನ ಒಂದು ಬೆಳಗು ಮಕ್ಕಳನ್ನು ಮರಡಿಹಳ್ಳಿಗೆ ಕರೆದೊಯ್ಯಿರಿ. ಆ ದಿಂಬುಗಳ ಮೇಲೆ ಕೂರಿಸಿ ಕಡಲಿನ ಪಾಠ ಮಾಡಿ. ಕಲ್ಲಿನ ಒಂದು ಚೂರನ್ನೂ ಒಡೆದು ತರದಂತೆ ನೋಡಿಕೊಳ್ಳಿ.