ಮರಳಿ ಬರಲು ಮನೆಯಿಲ್ಲದ ಆಟಗಾರ

ಫುಟ್‌ಬಾಲ್ ಆಟಗಾರ ಕಾರ್ಲ್ಟನ್ ಚಾಪ್‌ಮನ್ ಎಂದರೆ ಹೆಚ್ಚಿನವರಿಗೆ 1993ರ ಆ ಒಂದು ಪಂದ್ಯವೇ ನೆನಪು. ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಈಸ್ಟ್ ಬೆಂಗಾಲ್ ಇರಾಕಿನ ಅಲ್ ಜವ್ರಾ ತಂಡವನ್ನು 6-2ರಿಂದ ಸೋಲಿಸಿತ್ತು. ಅದರಲ್ಲಿ ಮೂರು ಗೋಲು ಬೆಂಗಳೂರು ಆಸ್ಟಿನ್ ಟೌನ್‌ನ ಈ ಹುಡುಗನದು. ಆದರೆ ಗೋಲು ಹೊಡೆಯುವುದು ಅವರ ಮುಖ್ಯ ಕಸುಬಾಗಿರಲಿಲ್ಲ. ಅವರು ಮಿಡ್‌ಫೀಲ್ಡರ್. ಮುಂದಿರುವವನು ಓಡುವ ಮೊದಲೇ ಅವನು ಎಲ್ಲಿಗೆ ಓಡುತ್ತಾನೆಂದು ಊಹಿಸಿ ಚೆಂಡನ್ನು ಅಲ್ಲಿಗೆ ಕಳಿಸುವುದು ಅವರ ವಿದ್ಯೆ. ಜೆಸಿಟಿ ಕ್ಲಬ್ಬಿನಲ್ಲಿ ಸ್ಟ್ರೈಕರ್‌ಗಳಾದ ವಿಜಯನ್, ಭುಟಿಯಾ ಮುಂದೆ ಆಡಿದರು, ಹಿಂದೆ ಚಾಪ್‌ಮನ್ ಇದ್ದರು. 1996-97ರ ಮೊದಲ ರಾಷ್ಟ್ರೀಯ ಲೀಗ್ ಪಂಜಾಬಿನ ಆ ತಂಡದ್ದಾಯಿತು. 2001ರಲ್ಲಿ ಅವರದೇ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ಅದೇ ಲೀಗನ್ನು ಗೆದ್ದಿತು.

ಆಟ ನಿಲ್ಲಿಸಿದ ಮೇಲೆ ತರಬೇತುದಾರರಾದರು. ತಾವು ಕಲಿತ ಜಮ್‌ಶೆಡ್‌ಪುರದ ಟಾಟಾ ಅಕಾಡೆಮಿ, ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೋ, ಕೊನೆಗೆ ಕೋಯಿಕ್ಕೋಡಿನ ಕ್ವಾರ್ಟ್ಜ್. ದೊಡ್ಡ ಕ್ಲಬ್ಬಿನ ಹೊಣೆ ಬರಲಿಲ್ಲವೆಂದು ಇದನ್ನು ಇಳಿಮುಖವೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಮೆಕ್ಸಿಕೋದ ಹ್ಯೂಗೋ ಸಾಂಚೆಜ್‌ರನ್ನು ಪಕ್ಕದಲ್ಲಿಟ್ಟು ನೋಡಿ. 1989-90ರಲ್ಲಿ ರಿಯಲ್ ಮ್ಯಾಡ್ರಿಡ್ ಪರ ಲೀಗಿನಲ್ಲಿ 38 ಗೋಲು ಹೊಡೆದ ಮಹಾನ್ ಸ್ಟ್ರೈಕರ್. ರಾಷ್ಟ್ರೀಯ ತಂಡದ ತರಬೇತುದಾರರಾದಾಗ 2008ರಲ್ಲಿ ಅವರನ್ನು ತೆಗೆದುಹಾಕಿದರು; ಸ್ಪೇನಿನಲ್ಲೂ ನೆಲೆ ನಿಲ್ಲಲಿಲ್ಲ. ಅವರು ಗೆದ್ದದ್ದು ತಾವು ಬೆಳೆದ ಪ್ಯೂಮಾಸ್ ಕ್ಲಬ್ಬಿಗೆ ಮರಳಿದಾಗ: 2004ರಲ್ಲಿ ಸತತ ಎರಡು ಪ್ರಶಸ್ತಿ. ಆ ಕ್ಲಬ್ಬಿನ ಗಾಳಿ, ನೀರು, ಹುಡುಗರ ಸ್ವಭಾವ ಅವರಿಗೆ ಮೊದಲೇ ಗೊತ್ತಿತ್ತು.

ಚಾಪ್‌ಮನ್‌ಗೆ ತಮ್ಮ ಊರಿನಲ್ಲಿ ಅಂಥ ಮನೆಯೇ ಇರಲಿಲ್ಲ. ಅವರ ಯೌವನದ ಬೆಂಗಳೂರಿನಲ್ಲಿ ಇದ್ದದ್ದು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳು. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ತರಬೇತಿಗೆ ಬಂದದ್ದು ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್. ಮೊದಲ ವರ್ಷವೇ ಐ-ಲೀಗ್ ಗೆದ್ದುದರಿಂದ ಆ ಆಯ್ಕೆ ತಪ್ಪೆನ್ನಲಾಗದು. ಆದರೂ ಭಾರತದ ನಾಯಕನಾಗಿದ್ದ ನಗರದ ಮಗನಿಗೆ ಕಿರಿಯರ ತಂಡದಲ್ಲಾದರೂ ಒಂದು ಜಾಗವಿರಬೇಕಿತ್ತು. 2020ರ ಅಕ್ಟೋಬರ್ 12ರಂದು, 49ನೇ ವಯಸ್ಸಿನಲ್ಲಿ, ಅವರು ಬೆಂಗಳೂರಿನಲ್ಲೇ ತೀರಿಕೊಂಡರು.

ಪುತ್ತೂರು ಬಳಿಯ ನರಿಮೊಗರಿನ ನಮಗೆ ಫುಟ್‌ಬಾಲ್‌ಗಿಂತ ಕಬಡ್ಡಿ ಹತ್ತಿರ, ಆದರೆ ಸಂಗತಿ ಬೇರೆಯಲ್ಲ. ನಮ್ಮ ಪುತ್ತೂರಿನ ಪ್ರಶಾಂತ್ ಕುಮಾರ್ ರೈ ಪಟ್ನಾ ತಂಡದ ನಾಯಕರಾಗಿ 2022ರ ಪ್ರೊ ಕಬಡ್ಡಿ ಫೈನಲ್‌ನಲ್ಲಿ ಒಂದೇ ಅಂಕದಿಂದ, 36-37ರಿಂದ ಸೋತರು. ಇಂಥ ರೈಡರ್ ಕಲಿತದ್ದನ್ನು ಇಲ್ಲಿನ ಮಕ್ಕಳಿಗೆ ದಾಟಿಸಲು ಸಂಬಳ ಕೊಡುವ ತಂಡ ಬೇಕು. ವರ್ಷಕ್ಕೊಮ್ಮೆ ಟೂರ್ನಮೆಂಟ್ ಮಾಡಿ ಶಾಲು ಹೊದಿಸಿದರೆ ಸಾಲದು.

ಅದಕ್ಕೇ ಚಾಪ್‌ಮನ್‌ರ ಶಿಲ್ಲಾಂಗ್ ವರ್ಷಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಅಲ್ಲಿ ವಿಜಯನ್ ಇರಲಿಲ್ಲ, ಭುಟಿಯಾ ಇರಲಿಲ್ಲ. ಪರವೂರಿನ ಹುಡುಗರನ್ನು ಕಟ್ಟಿಕೊಂಡು ಅವರು ಸ್ಥಳೀಯ ಲೀಗ್ ಗೆಲ್ಲಿಸಿದರು.