ಮೀಟರಿನಲ್ಲಿ 12 ವೋಲ್ಟ್, ರಸ್ತೆಯ ಮೇಲೆ ಕತ್ತಲೆ

ಕಾರಿನ ಒಂದು ಹೆಡ್‌ಲೈಟ್ ಮಂಕಾಗಿದೆ ಎಂದು ಗ್ಯಾರೇಜಿಗೆ ಹೋದರೆ ಮೊದಲು ಬದಲಾಗುವುದು ಬಲ್ಬ್. ಅದಕ್ಕೆ ಬಗ್ಗದಿದ್ದರೆ ರಿಲೇ, ಆಮೇಲೆ ಡಿಮ್-ಡಿಪ್ ಸ್ವಿಚ್. ಪ್ರತಿಯೊಂದಕ್ಕೂ ದುಡ್ಡು ತೆರುವವನು ಗಿರಾಕಿ. ಈ ಅಂದಾಜಿನ ಕೆಲಸಕ್ಕಿಂತ ವೋಲ್ಟ್‌ಮೀಟರ್ ಹಿಡಿದು ದೋಷ ಹುಡುಕುವುದು ಎಷ್ಟೋ ಮೇಲು, ಅದಕ್ಕೆ ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ಆದರೆ ಮೀಟರ್ ಹಿಡಿದವರೂ ಎಷ್ಟೋ ಸಲ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ನನ್ನ ತಕರಾರು ಇರುವುದು ಅಲ್ಲಿ.

ಅವರು ಬಲ್ಬಿನ ಕಪ್ಲರ್ ಕಳಚಿ, ಕೆಂಪು ಕಡ್ಡಿಯನ್ನು ಅದರ ಪಿನ್ನಿಗೂ ಕಪ್ಪು ಕಡ್ಡಿಯನ್ನು ಗಾಡಿಯ ಬಾಡಿಗೂ ತಾಗಿಸುತ್ತಾರೆ. 12.6 ವೋಲ್ಟ್ ಕಂಡರೆ ‘ಕರೆಂಟ್ ಬರ್ತಿದೆ, ವೈರಿಂಗ್ ಸರಿಯಿದೆ’ ಎಂಬ ತೀರ್ಪು ಬರುತ್ತದೆ. ಈ ತೀರ್ಪಿಗೆ ಆಧಾರವಿಲ್ಲ. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಎಳೆಗಳೆಲ್ಲ ಕಡಿದು ಒಂದೇ ಉಳಿದ ವೈರಿನಲ್ಲೂ, ಕಿಲುಬು ಹಿಡಿದ ಪಿನ್ನಿನಲ್ಲೂ ಅದು ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜನ್ನೇ ತೋರಿಸುತ್ತದೆ. 60/55 ವಾಟಿನ ಎಚ್4 ಬಲ್ಬಿಗಾದರೋ ಸುಮಾರು 5 ಆಂಪಿಯರ್ ಬೇಕು. ಆ ಹೊರೆ ಬಿದ್ದಾಗಲೇ ದೋಷ ಹೊರಬೀಳುವುದು. ಕಪ್ಪು ಕಡ್ಡಿಯನ್ನು ಬಾಡಿಗೆ ತಾಗಿಸಿದ್ದರಿಂದ ಬಲ್ಬಿನ ಸ್ವಂತ ಅರ್ಥ್ ವೈರ್ ಪರೀಕ್ಷೆಗೇ ಒಳಗಾಗಲಿಲ್ಲ ಎಂಬುದು ಇನ್ನೂ ದೊಡ್ಡ ಲೋಪ.

ಸರಿಯಾದ ಕ್ರಮದಲ್ಲಿ ಕಪ್ಲರ್ ಕಳಚುವಂತಿಲ್ಲ. ಲೈಟ್ ಉರಿಯುತ್ತಿರಬೇಕು. ಕಪ್ಲರಿನ ಹಿಂಬದಿಯಿಂದ ವೈರಿನ ಪಕ್ಕಕ್ಕೆ ಕಡ್ಡಿ ತೂರಿಸಿ, ಬಲ್ಬಿನ ಅರ್ಥ್ ಪಿನ್ನಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಅಳೆಯಬೇಕು. 0.1 ಅಥವಾ 0.2 ವೋಲ್ಟ್ ಬಂದರೆ ಚಿಂತೆಯಿಲ್ಲ. 1.5 ವೋಲ್ಟ್ ಬಂದರೆ ಬಲ್ಬಿಗೆ ಸಿಗಬೇಕಾದದ್ದು ಅರ್ಥಿಂಗ್‌ನಲ್ಲೇ ಪೋಲಾಗುತ್ತಿದೆ. ಅರ್ಥ್ ಬೋಲ್ಟ್ ಬಿಚ್ಚಿ ನೋಡಿದರೆ ವೈರಿನ ರಿಂಗಿನಡಿ ಕಂದು ತುಕ್ಕಿನ ಪದರ ಕಂಡರೂ ಕಾಣಬಹುದು, ಉಪ್ಪುಗಾಳಿ ಮತ್ತು ಮಳೆ ಎರಡೂ ಇರುವ ಕರಾವಳಿಯಲ್ಲಂತೂ ಇದು ಹೊಸದಲ್ಲ. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿಮಾಡಿದರೆ ಮುಗಿಯಿತು. ಬ್ಯಾಟರಿಯ ಪಾಸಿಟಿವ್‌ನಿಂದ ಬಲ್ಬಿನವರೆಗೂ ಇದೇ ಅಳತೆ. ಅಲ್ಲಿ ನಷ್ಟ ಹೆಚ್ಚಿದ್ದರೆ ಫ್ಯೂಸ್, ರಿಲೇ, ಸ್ವಿಚ್‌ಗಳನ್ನು ಒಂದೊಂದಾಗಿ ದಾಟುತ್ತ ಹೋದರೆ ಅಪರಾಧಿ ಸಿಕ್ಕೇ ಸಿಗುತ್ತದೆ.

ಇಷ್ಟು ಸಣ್ಣ ಅಂಕಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ? ಖಂಡಿತ ಬೇಕು. ಹ್ಯಾಲೋಜನ್ ಬಲ್ಬಿಗೆ ವೋಲ್ಟೇಜ್ ಶೇ. 10ರಷ್ಟು ಇಳಿದರೆ ಬೆಳಕು ಸುಮಾರು ಶೇ. 30ರಷ್ಟು ಇಳಿಯುತ್ತದೆ. ಘಟ್ಟದ ತಿರುವಿನಲ್ಲಿ ಅದು ಜೀವದ ಪ್ರಶ್ನೆ.

ಹಳೆಯ ಎಲೆಕ್ಟ್ರಿಷಿಯನ್ನರ ಟೆಸ್ಟ್ ಲ್ಯಾಂಪನ್ನು ಈಗಿನವರು ಹಗುರಾಗಿ ಕಾಣುವುದು ನನಗೆ ಒಪ್ಪಿಗೆಯಿಲ್ಲ. ಎರಡು ವೈರಿಗೆ ಬೆಸೆದ ಆ ಬಲ್ಬ್ ತಾನೇ ಕರೆಂಟ್ ಎಳೆಯುವುದರಿಂದ, ಕಪ್ಲರ್ ಕಳಚಿಟ್ಟ ಮೀಟರಿಗಿಂತ ಹೆಚ್ಚು ಸತ್ಯ ಹೇಳುತ್ತದೆ. ಕಂಪ್ಯೂಟರ್ ನಿಯಂತ್ರಣದ ಹೊಸ ಗಾಡಿಗಳಲ್ಲಿ ಮಾತ್ರ ಅದನ್ನು ಕಂಡಕಂಡ ವೈರಿಗೆ ಚುಚ್ಚಬಾರದು, ಒಳಗಿನ ಸರ್ಕ್ಯೂಟ್ ಸುಟ್ಟೀತು.

ವೋಲ್ಟ್‌ಮೀಟರಿಗೂ ಮಿತಿಗಳುಂಟು. ಹಳೆಯ ಎಷ್ಟೋ ಬೈಕುಗಳ ಹೆಡ್‌ಲೈಟ್ ಎಸಿ ಕರೆಂಟಿನಲ್ಲಿ ಉರಿಯುತ್ತದೆ. ಅಲ್ಲಿ ಡಿಸಿಗೆ ಇಟ್ಟ ಮೀಟರ್ ಏನೂ ಹೇಳದು. ಕೆಲವು ಕಾರುಗಳಲ್ಲಿ ಸ್ವಿಚ್ ಇರುವುದು ಅರ್ಥ್ ಬದಿಯಲ್ಲಿ. ವೈರಿಂಗ್ ನಕ್ಷೆ ನೋಡದೆ ಅಳೆದರೆ ದಾರಿ ತಪ್ಪುತ್ತದೆ.

ಇವೆಲ್ಲ ಇದ್ದರೂ ನನ್ನ ಮತ ಈ ವಿಧಾನದ ಪರವಾಗಿಯೇ ಇದೆ. ಹೊಸ ಬಿಡಿಭಾಗಕ್ಕೆ ಒಪ್ಪುವ ಮುನ್ನ ಮೆಕ್ಯಾನಿಕ್‌ಗೆ ಒಂದು ಮಾತು ಕೇಳಿ: ‘ಲೈಟ್ ಹಾಕಿಟ್ಟು ಅರ್ಥ್ ಬದಿ ಅಳೆದಿರಾ?’